ಎಲ್ಲಿ ಬೆಸೆಯಬಾರದು ಎಂಬ ವಿದ್ಯೆ

ಹೊನ್ನಾವರ, ಭಟ್ಕಳದ ಕಡೆ ಹಳೆಯ ಜೀಪು ಕೊಳ್ಳಲು ಹೋದ ಬಲ್ಲವರು ಬಾನೆಟ್ ಎತ್ತಿಸುವುದಕ್ಕೆ ಮೊದಲು ಗಾಡಿಯ ಅಡಿಗೆ ನುಸುಳುತ್ತಾರೆ. ಎಂಜಿನ್ ಕೆಟ್ಟರೆ ಬಿಚ್ಚಿ ಕಟ್ಟಬಹುದು. ತುಕ್ಕು ತಿಂದ ಚಾಸಿಸ್ ಹಾಗಲ್ಲ. ಶರಾವತಿ ಅಳಿವೆಯ ಬಳಿಯ ಮಾವಿನಕುರ್ವೆಯಾಗಲಿ, ಭಟ್ಕಳ ಬಂದರಿನ ಮಾವಿನಕುರ್ವೆಯಾಗಲಿ, ಉಪ್ಪುಗಾಳಿ ತಪ್ಪದ ಊರುಗಳು. ಜೊತೆಗೆ ವರ್ಷಕ್ಕೆ 3,000 ಮಿಲಿಮೀಟರಿಗೂ ಮಿಕ್ಕ ಮಳೆ. ಚಾಸಿಸ್ಸಿನ ಸಂದಿಗೆ ಹೊಕ್ಕ ಕೆಸರು ಒಣಗುವಷ್ಟರಲ್ಲಿ ಮತ್ತೊಂದು ಮಳೆ ಹೊಡೆದಿರುತ್ತದೆ.

ಹಾಗೆಂದು ಜೀಪು ಬಿಟ್ಟು ಬದುಕುವಂತಿಲ್ಲ. ಘಟ್ಟದ ಸೆರಗಿನ ಅಡಿಕೆ ತೋಟಗಳಿಗೆ ಗೊಬ್ಬರ ಏರಿಸಬೇಕು, ಕೊನೆ ಇಳಿಸಬೇಕು. ಆಚೆ, 1,343 ಮೀಟರ್ ಎತ್ತರದ ಕೊಡಚಾದ್ರಿಗೆ ಕೊಲ್ಲೂರಿನಿಂದ ಯಾತ್ರಿಕರನ್ನು ಹೊರುವುದೂ ಜೀಪೇ. 1940ರ ದಶಕದ ಕೊನೆಯಲ್ಲಿ ಮಹೀಂದ್ರಾ ಕಂಪನಿ ವಿಲ್ಲಿಸ್ ಜೀಪುಗಳನ್ನು ಇಲ್ಲಿ ಜೋಡಿಸತೊಡಗಿದಾಗಿನಿಂದ ಈ ಗಾಡಿಯ ಮೂಲ ಕಟ್ಟು ಸರಳ: ಎರಡು ಉದ್ದ ಉಕ್ಕಿನ ತೊಲೆ, ನಡುನಡುವೆ ಅಡ್ಡಪಟ್ಟಿ, ಮೇಲೆ ಬೋಲ್ಟಿನಲ್ಲಿ ನಿಂತ ಬಾಡಿ. ಬೋಲ್ಟ್ ಬಿಚ್ಚಿದರೆ ಬಾಡಿ ಎದ್ದು ಬರುತ್ತದೆ. ಹಳೆಯ ಜೀಪು, ಪಿಕಪ್‌ಗಳನ್ನು ಅಂಗಳದಲ್ಲೇ ಬಿಚ್ಚಿ ಕಾಡುದಾರಿಗೆ ಹೊಸದಾಗಿ ಕಟ್ಟುವ ಹುಚ್ಚಿಗೆ ಈ ಸರಳತೆಯೇ ಕಾರಣ.

ಹೀಗೆ ಕಟ್ಟುವವರು ‘ವೆಲ್ಡಿಂಗ್ ಮುಗಿಯಿತು’ ಎನ್ನುವ ದಿನ ಬಹಳ ಹಿಗ್ಗಿನದು. ಆದರೆ ಬೆಸುಗೆಯ ಕೆಲಸದಲ್ಲಿ ಕೈಚಳಕಕ್ಕಿಂತ ಸಂಯಮದ ಪಾಲು ದೊಡ್ಡದು.

ಕಾದ ಉಕ್ಕು ತಣಿಯುವಾಗ ಕುಗ್ಗುತ್ತದೆ, ಕುಗ್ಗುವಾಗ ತನ್ನೆಡೆಗೆ ಎಳೆಯುತ್ತದೆ. ಒಂದೇ ಕಡೆ ಎಡೆಬಿಡದೆ ಬೆಸೆದರೆ ನೆಟ್ಟಗಿದ್ದ ತೊಲೆ ಸೊಟ್ಟಗಾಗುತ್ತದೆ. ಅದಕ್ಕೇ ಮೊದಲು ಅಲ್ಲಲ್ಲಿ ಚುಕ್ಕಿಯಂತೆ ಟ್ಯಾಕ್ ಹಾಕಿ, ಮೂಲೆಯಿಂದ ಮೂಲೆಗೆ ಎರಡೂ ಕರ್ಣ ಅಳೆದು ಸಮವಿದೆಯೇ ನೋಡಿ, ಆಮೇಲೆ ಎಡಕ್ಕೊಂದು ಗೇಣು, ಬಲಕ್ಕೊಂದು ಗೇಣು ಎಂದು ಬೆಸೆಯುತ್ತಾರೆ. ತೊಲೆಯ ಬಿರುಕಿಗೆ ಬಲಪಟ್ಟಿ ಕೊಡುವಾಗ ಅದರ ತುದಿಯನ್ನು ಓರೆಯಾಗಿ ಕತ್ತರಿಸುತ್ತಾರೆ. ತೊಲೆಗೆ ಅಡ್ಡಲಾಗಿ ನೇರ ಗೆರೆಯಲ್ಲಿ ಬೆಸೆದರೆ ಮುಂದಿನ ಬಿರುಕು ಆ ಗೆರೆಯಲ್ಲೇ ಏಳುವ ಅಪಾಯವಿದೆ. ಸ್ಪ್ರಿಂಗ್ ಪ್ಲೇಟಿಗಂತೂ ವೆಲ್ಡಿಂಗ್ ರಾಡ್ ತಾಗಿಸುವಂತಿಲ್ಲ: ಹದ ಕೊಟ್ಟ ಆ ಉಕ್ಕು ಕಾದರೆ ಹದ ಕಳೆದುಕೊಂಡು, ಭಾರ ಬಿದ್ದಾಗ ತುಂಡಾಗಬಹುದು.

ಬಲ ಹೆಚ್ಚಿಸಲೆಂದು ತೆರೆದ ತೊಲೆಯ ಬಾಯಿಗೆ ಪಟ್ಟಿ ಬೆಸೆದು ಪೆಟ್ಟಿಗೆ ಮಾಡುವ ರೂಢಿಯೂ ಇದೆ. ಬಯಲುಸೀಮೆಯಲ್ಲಿ ಅದು ನಡೆದೀತು. ಕರಾವಳಿಯಲ್ಲಿ ನೀರು ಇಳಿಯಲು ತೂತು ಬಿಡದೆ ಪೆಟ್ಟಿಗೆ ಮುಚ್ಚಿದರೆ ತುಕ್ಕನ್ನು ಒಳಗಿಟ್ಟು ಸಾಕಿದಂತೆ.

ಮಳೆಗಾಲದ ತೇವ ರಾಡನ್ನೂ ಬಿಡುವುದಿಲ್ಲ. ಗಟ್ಟಿ ಕೆಲಸಕ್ಕೆ ಬಳಸುವ 7018 ರಾಡಿನ ಲೇಪ ತೇವ ಹೀರಿದರೆ, ಆ ನೀರಿನ ಹೈಡ್ರೋಜನ್ ಬೆಸುಗೆಯೊಳಗೆ ಸೇರುತ್ತದೆ. ಬೆಸೆದು ಗಂಟೆಗಳಾದ ಮೇಲೂ ಉಕ್ಕು ಒಳಗೊಳಗೇ ಸೀಳಬಹುದು. ಅಂಥ ರಾಡನ್ನು 300 ಡಿಗ್ರಿ ಸೆಲ್ಸಿಯಸ್‌ಗೂ ಮೇಲಿನ ಕಾವಿನ ಓವನ್‌ನಲ್ಲಿ ಒಣಗಿಸಬೇಕು. ಬಿಸಿಲಿಗಿಟ್ಟರೆ ಸಾಲದು.

ಬೆಸೆಯುವ ಮುನ್ನ ಬ್ಯಾಟರಿ ಕಳಚಬೇಕು, ಡೀಸೆಲ್ ಟ್ಯಾಂಕ್ ಇಳಿಸಿ ದೂರ ಇಡಬೇಕು. ಸತು ಲೇಪಿಸಿದ ತಗಡಾದರೆ ಲೇಪ ಉಜ್ಜಿ ತೆಗೆಯಬೇಕು. ಅದರ ಹೊಗೆ ಕುಡಿದವರಿಗೆ ರಾತ್ರಿ ಚಳಿಜ್ವರ ಬರಬಹುದು.

ಕಾನೂನೂ ಒಂದು ಗೆರೆ ಎಳೆದಿದೆ. 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಮಿನ ಪ್ರಕಾರ, ನೋಂದಣಿಯಲ್ಲಿರುವ ವಿವರ ಕಂಪನಿ ಕೊಟ್ಟ ಮೂಲ ವಿವರಕ್ಕಿಂತ ಬೇರೆಯಾಗುವಂತೆ ಗಾಡಿ ಮಾರ್ಪಡಿಸುವಂತಿಲ್ಲ. 2019ರಲ್ಲಿ ಸುಪ್ರೀಂ ಕೋರ್ಟ್ ಇದನ್ನೇ ಗಟ್ಟಿಯಾಗಿ ಹೇಳಿತು. ಅದೇ ವರ್ಷದ ತಿದ್ದುಪಡಿಯಲ್ಲಿ, ಅನುಮತಿಯಿಲ್ಲದ ಮಾರ್ಪಾಡು ಒಂದಕ್ಕೆ 5,000 ರೂಪಾಯಿ ದಂಡ ಅಥವಾ ಆರು ತಿಂಗಳವರೆಗೆ ಜೈಲು ಎಂದಾಯಿತು. ತುಕ್ಕು ಹಿಡಿದ ಭಾಗ ಇದ್ದಂತೆ ಸರಿಪಡಿಸುವುದು ಬೇರೆ, ಗಾಡಿಯ ಸ್ವರೂಪ ಬದಲಿಸುವುದು ಬೇರೆ. ಚಾಸಿಸ್ ನಂಬರ್ ಕೆತ್ತಿದ ಜಾಗಕ್ಕೆ ಗ್ರೈಂಡರ್ ತಾಗದಂತೆ ನೋಡಿಕೊಳ್ಳಬೇಕು. ಬುಡದಿಂದಲೇ ಹೊಸ ಗಾಡಿ ಕಟ್ಟುವ ಆಸೆಯಿರುವ ಎಂಜಿನಿಯರಿಂಗ್ ವಿದ್ಯಾರ್ಥಿಗಳಿಗೆ 2007ರಲ್ಲಿ ಶುರುವಾದ ಬಾಹಾ ಎಸ್‌ಎಇ ಇಂಡಿಯಾ ಸ್ಪರ್ಧೆಯಿದೆ. ಚಾಲಕನನ್ನು ಕಾಯುವ ಕೊಳವೆ ಪಂಜರದ ಬೆಸುಗೆಯ ಮಾದರಿಯನ್ನು ಅಲ್ಲಿ ಪರೀಕ್ಷೆಗೆ ಒಡ್ಡಬೇಕು. ಆ ಗಾಡಿ ಓಡುವುದು ಸ್ಪರ್ಧೆಯ ಅಂಕಣದಲ್ಲಿ ಮಾತ್ರ.

ಕೊನೆಯ ರಾಡ್ ಉರಿದ ಮೇಲೂ ಬಣ್ಣಕ್ಕೆ ಅವಸರ ಬೇಡ. ಸ್ಲ್ಯಾಗ್ ಕೆತ್ತಿ, ಬ್ರಶ್ ಹಾಕಿ, ಬೆಸುಗೆಯ ಮೇಲೆ ಬಿರುಕು ತೋರಿಸುವ ಕೆಂಪು ದ್ರವ ಹಚ್ಚಿ ನೋಡಬೇಕು. ಪ್ರೈಮರ್ ಬಳಿದು, ಮೊದಲ ಕಲ್ಲುದಾರಿಯ ಓಟ ಮುಗಿಸಿ, ಮತ್ತೆ ಅಡಿಗೆ ನುಸುಳಿ ಸ್ಪ್ರಿಂಗ್ ಹ್ಯಾಂಗರ್, ಸ್ಟೀರಿಂಗ್ ಬಾಕ್ಸ್ ನಿಂತ ಜಾಗಗಳನ್ನು ತಡವಿ ನೋಡಬೇಕು. ಬಿರುಕು ಬಿಟ್ಟಿದ್ದರೆ ಅಲ್ಲಿ ಕಂದು ಗೆರೆ ಇಳಿದಿರುತ್ತದೆ. ಏನೂ ಇಲ್ಲದಿದ್ದರೆ ಜೂನ್ ಬರುವುದರೊಳಗೆ ಬಣ್ಣ ಹೊಡೆಸಿಬಿಡಬೇಕು. ಬರೀ ಪ್ರೈಮರನ್ನು ನಂಬಿ ಈ ಕರಾವಳಿಯಲ್ಲಿ ಮಳೆಗಾಲ ಕಳೆಯಲಾಗದು.