ಗ್ರಾಮೀಣ ಕ್ರೀಡೆ ಮತ್ತು ವರದಿಯ ಭಾಷೆ

1997ರಲ್ಲಿ ರೂಪುಗೊಂಡ ದಾವಣಗೆರೆ ಜಿಲ್ಲೆಗೆ ಚನ್ನಗಿರಿ, ಹೊನ್ನಾಳಿಗಳು ಶಿವಮೊಗ್ಗದಿಂದಲೂ ಜಗಳೂರು ಚಿತ್ರದುರ್ಗದಿಂದಲೂ ಬಂದು ಸೇರಿದವು. ಹೊನ್ನಾಳಿಯ ಭಾಗವಾಗಿದ್ದ ನ್ಯಾಮತಿ ಅನಂತರ ಪ್ರತ್ಯೇಕ ತಾಲ್ಲೂಕಾಯಿತು. ಮಲೆನಾಡಿನ ಸೆರಗಿನಿಂದ ಬಯಲುಸೀಮೆಯವರೆಗೆ ಹಬ್ಬಿದ ಈ ನೆಲದ ಆಟಗಳನ್ನು ವರದಿ ಮಾಡುವ ವಿದ್ಯಾರ್ಥಿ ಪತ್ರಕರ್ತರಿಗೆ ನಗರದ ಕ್ರೀಡಾಂಗಣದ ಮಾದರಿಯೊಂದೇ ಸಾಲದು.

ಕಬಡ್ಡಿಯ ವರದಿಯಲ್ಲಿ ಗೆದ್ದ ತಂಡ, ಅಂಕಗಳ ಅಂತರ ಹಾಗೂ ಪಂದ್ಯ ತಿರುವು ಪಡೆದ ಗಳಿಗೆ ಮೊದಲ ವಾಕ್ಯಗಳಲ್ಲಿಯೇ ಬರಬೇಕು. ಜಾತ್ರೆಯ ಬಯಲು ಕುಸ್ತಿಯ ಬಗೆ ಬೇರೆ. ಅಲ್ಲಿ ಅಂಕಕ್ಕಿಂತ ಎದುರಾಳಿಯ ಬೆನ್ನು ಮಣ್ಣಿಗೆ ತಾಗುವುದೇ ಮುಖ್ಯ. ಆದ್ದರಿಂದ ಯಾವ ಪಟ್ಟಿಗೆ ಪೈಲ್ವಾನ ‘ಚಿತ್’ ಆದ, ಗೆದ್ದವನು ಯಾವ ಊರಿನ ಗರಡಿಯವನು ಎಂಬುದೇ ಸುದ್ದಿ.

ಹೊನ್ನಾಳಿ, ನ್ಯಾಮತಿ ಸೀಮೆಯಲ್ಲಿ ದೀಪಾವಳಿಯೊಡನೆ ತೊಡಗುವ ಹೋರಿ ಬೆದರಿಸುವ ಸ್ಪರ್ಧೆಯಲ್ಲಿ ಹೋರಿಯೇ ನಾಯಕ. ಅದಕ್ಕೊಂದು ಹೆಸರುಂಟು, ಅಭಿಮಾನಿ ಬಳಗವುಂಟು. ಕೊರಳ ಕೊಬ್ಬರಿ ಹಾರಕ್ಕೆ ಕೈಹಾಕಲು ಬಿಡದೆ ಓಡಿದರೆ ಹೋರಿಗೆ ಕೀರ್ತಿ. ಹಾರ ಹರಿದರೆ ಹರಿದವನಿಗೆ. ಹೋರಿಯ ಹೆಸರು, ಊರು ಬಿಟ್ಟ ವರದಿ ಸ್ಥಳೀಯ ಓದುಗರಿಗೆ ಅಪೂರ್ಣವೆನಿಸುತ್ತದೆ.

ಆದರೆ ಈ ಸಂಭ್ರಮದ ನಡುವೆ ಹೋರಿ ತಿವಿದು ಬಿದ್ದವನ ಸುದ್ದಿ ಕೊನೆಯ ಸಾಲಿಗೆ ಜಾರಬಾರದು. ಸಾವುನೋವು ಸಂಭವಿಸಿದಾಗ ಅದೇ ಮೊದಲ ಸುದ್ದಿ. ಓಟದ ದಾರಿಗೆ ತಡೆಬೇಲಿ ಇತ್ತೇ, ಆಂಬುಲೆನ್ಸ್, ಪಶುವೈದ್ಯರು ಇದ್ದರೇ ಎಂಬುದನ್ನು ವರದಿಗಾರ ಕಣ್ಣಾರೆ ಕಂಡೇ ಬರೆಯಬೇಕು. ಸಂಘಟಕರ ಮಾತಷ್ಟೇ ಪುರಾವೆಯಲ್ಲ.

ಅಖಾಡದ ಮಾತನ್ನು ಅದರ ಅರ್ಥದೊಡನೆ ದಾಖಲಿಸಿದ ವರದಿ ಮುಂದೆ ಜಾನಪದ ಅಧ್ಯಯನಕ್ಕೂ ಆಕರವಾಗುತ್ತದೆ. ಗಾಯಾಳುವನ್ನು ಮರೆತ ವರದಿ ಮಾತ್ರ ಯಾವ ಅಧ್ಯಯನಕ್ಕೂ ಪ್ರಾಮಾಣಿಕ ಆಕರವಾಗಲಾರದು.