ಏಪ್ರಿಲ್ 24: ಒಂದೇ ತಾರೀಖು, ಇಬ್ಬರು ರಾಜರು!

ಹೊಸ ಕ್ಯಾಲೆಂಡರ್ ಸಿಕ್ಕಿದರೆ ನಾನು ಮೊದಲು ತಿರುವೋದು ಏಪ್ರಿಲ್ 24ಕ್ಕೆ. 1929ರಲ್ಲಿ ಅಂದು ಹುಟ್ಟಿದ ಗಾಜನೂರಿನ ಮುತ್ತುರಾಜನೇ 1954ರ ‘ಬೇಡರ ಕಣ್ಣಪ್ಪ’ದಿಂದ ರಾಜ್‌ಕುಮಾರ್, ನಮ್ಮ ಅಣ್ಣಾವ್ರು! 1973ರಲ್ಲಿ ಅದೇ ತಾರೀಖು ಮುಂಬಯಿಯಲ್ಲಿ ಸಚಿನ್ ಜನನ. ಆ ಹೆಸರೂ ಸಿನಿಮಾದ್ದೇ ಸ್ವಾಮಿ! ಸಂಗೀತ ನಿರ್ದೇಶಕ ಸಚಿನ್ ದೇವ್ ಬರ್ಮನ್ ಅಂದ್ರೆ ಅಪ್ಪನಿಗೆ ಅಷ್ಟು ಪ್ರೀತಿ.

1998ರ ಆ ದಿನ ಶಾರ್ಜಾ ಫೈನಲ್. ಆಸ್ಟ್ರೇಲಿಯಾ 272 ಹೊಡೆದು ಕೂತಿತ್ತು. ಹುಟ್ಟುಹಬ್ಬದ ಹುಡುಗ 131 ಚೆಂಡಿಗೆ 134 ಚಚ್ಚಿದ! ಭಾರತಕ್ಕೆ 6 ವಿಕೆಟ್ ಜಯ. ಅಣ್ಣಾವ್ರಿಗೆ ಅಂದೇ 69 ತುಂಬಿತ್ತು. ಡಬಲ್ ಹಬ್ಬ ಅಂದ್ರೆ ಅದು ಕಣ್ರೀ!

2006ರಲ್ಲಿ ಮಾತ್ರ ತಾರೀಖು ಬಂತು, ಹಬ್ಬ ಬರಲಿಲ್ಲ. 77 ತುಂಬಲು 12 ದಿನ ಇರುವಾಗಲೇ ಅಣ್ಣಾವ್ರು ಹೊರಟುಬಿಟ್ಟಿದ್ದರು. ಕಂಠೀರವ ಸ್ಟುಡಿಯೋದಲ್ಲಿ ಸಮಾಧಿಯ ಮಣ್ಣು ಇನ್ನೂ ಹೊಸದು.