ಸ್ಟೆಮ್ ಸೆಲ್ ಬೆಳೆಸುವುದು ಹೆಪ್ಪು ಹಾಕಿದಷ್ಟು ಸುಲಭವೇ?

ಸ್ಟೆಮ್ ಸೆಲ್, ಅಂದರೆ ಆಕರಕೋಶ ಎಂದ ಕೂಡಲೇ ಬಹಳ ಜನರ ತಲೆಯಲ್ಲಿ ಒಂದು ಲೆಕ್ಕ ಓಡುತ್ತದೆ. ಇವು ತಾವಾಗಿಯೇ ಇಬ್ಭಾಗವಾಗುತ್ತವೆ, ದಣಿಯುವುದಿಲ್ಲ. ಹಾಗಾದರೆ ಒಂದು ಚಮಚ ಹೆಪ್ಪಿನಿಂದ ಹಂಡೆ ತುಂಬ ಮೊಸರಾದ ಹಾಗೆ, ಬೇಕಾದಷ್ಟು ಬೆಳೆಸಿಕೊಳ್ಳಬಹುದಲ್ಲ?

ಲೆಕ್ಕವೇನೋ ಸರಿ. ದೇಹದ ಯಾವ ಕೋಶವಾಗಿ ಬೇಕಾದರೂ ಮಾರ್ಪಡಬಲ್ಲ ಪ್ಲುರಿಪೊಟೆಂಟ್ ಕೋಶಗಳು ಒಳ್ಳೆಯ ಆರೈಕೆ ಸಿಕ್ಕರೆ ಒಂದು, ಒಂದೂವರೆ ದಿನಕ್ಕೊಮ್ಮೆ ದುಪ್ಪಟ್ಟಾಗುತ್ತವೆ. ದಿನಕ್ಕೊಮ್ಮೆ ಎಂದು ಹಿಡಿದರೆ ಹತ್ತು ಲಕ್ಷ ಕೋಶ ಹತ್ತೇ ದಿನದಲ್ಲಿ ನೂರು ಕೋಟಿ ದಾಟಬೇಕು. ಒಂದು ದೊಡ್ಡ ಹೃದಯಾಘಾತದಲ್ಲಿ ಸಾಯುವ ಸ್ನಾಯುಕೋಶಗಳ ಸಂಖ್ಯೆಯೂ ಹೆಚ್ಚುಕಡಿಮೆ ನೂರು ಕೋಟಿ. ಹತ್ತು ದಿನದ ಕೆಲಸ ಎಂದಾದರೆ ಅಷ್ಟು ಕೋಶ ಬೆಳೆಸಲು ಇಷ್ಟು ವರ್ಷ ಯಾಕೆ ಬೇಕಾಯಿತು?

ಯಾಕೆಂದರೆ ಈ ಕೋಶಗಳಷ್ಟು ನಾಜೂಕಿನವು ಪ್ರಯೋಗಾಲಯದಲ್ಲಿ ಕಡಿಮೆ. 1998ರಲ್ಲಿ ಅಮೆರಿಕದ ವಿಸ್ಕಾನ್ಸಿನ್ ವಿಶ್ವವಿದ್ಯಾಲಯದ ಜೇಮ್ಸ್ ಥಾಮ್ಸನ್ ತಂಡ ಮೊದಲ ಬಾರಿಗೆ ಮನುಷ್ಯರ ಭ್ರೂಣದ ಆಕರಕೋಶಗಳನ್ನು ಬೇರ್ಪಡಿಸಿ ಬೆಳೆಸಿದಾಗ, ಅವುಗಳ ಕೆಳಗೆ ಇಲಿಯ ಜೀವಕೋಶಗಳ ಹಾಸಿಗೆಯನ್ನೇ ಹಾಸಬೇಕಾಯಿತು. ತಟ್ಟೆಯಿಂದ ತಟ್ಟೆಗೆ ಸಾಗಿಸುವಾಗ ಒಂದೊಂದಾಗಿ ಬಿಡಿಸಿದರೆ ಹೆಚ್ಚಿನವು ಸತ್ತೇ ಹೋಗುತ್ತಿದ್ದವು. 2007ರಲ್ಲಿ ಜಪಾನಿನ ಯೋಶಿಕಿ ಸಸಾಯ್ ತಂಡ, ರಾಕ್ ಎಂಬ ಕಿಣ್ವವನ್ನು ತಡೆಯುವ ಒಂದು ಸಣ್ಣ ರಾಸಾಯನಿಕ ಬೆರೆಸಿದರೆ ಈ ಸಾವು ತಪ್ಪುತ್ತದೆ ಎಂದು ತೋರಿಸಿತು. ಇವತ್ತು ಜಗತ್ತಿನ ಯಾವ ಸ್ಟೆಮ್ ಸೆಲ್ ಲ್ಯಾಬಿಗೆ ಹೋದರೂ ಫ್ರೀಜರಿನಲ್ಲಿ ಅದು ಸಿಗುತ್ತದೆ.

ಇನ್ನೊಂದು ತೊಡಕು ಜಾಗದ್ದು. ಈ ಕೋಶಗಳಿಗೆ ಅಂಟಿಕೊಂಡು ಬೆಳೆಯುವ ಸ್ವಭಾವ. ಅಂಗೈಯಗಲದ ತಟ್ಟೆಯಲ್ಲಿರುವ ಆರು ಕುಳಿಗಳಲ್ಲಿ ಒಂದೊಂದಕ್ಕೂ ಹಿಡಿಸುವುದು ಹತ್ತಿಪ್ಪತ್ತು ಲಕ್ಷ ಮಾತ್ರ. ನೂರು ಕೋಟಿ ಬೇಕೆಂದರೆ ಅಂಥ ನೂರು ತಟ್ಟೆ, ದಿನಾ ಎಲ್ಲಕ್ಕೂ ಪೋಷಕ ದ್ರವ ಬದಲಿಸುವ ಕೈಗಳು, ಆ ದ್ರವದ ಖರ್ಚು. ಅದಕ್ಕೇ ಈಗ ತಟ್ಟೆ ಬಿಟ್ಟು ಬಯೋರಿಯಾಕ್ಟರ್ ಹಿಡಿದಿದ್ದಾರೆ: ದ್ರವದಲ್ಲಿ ಕೋಶಗಳನ್ನು ತೇಲಬಿಟ್ಟು ನಿಧಾನವಾಗಿ ಕಲಕುತ್ತಿರುವುದು. ಅಲ್ಲಿ ಅವು ಸಣ್ಣ ಉಂಡೆಗಳಾಗುತ್ತವೆ. ಜೋರಾಗಿ ಕಲಕಿದರೆ ಕೋಶ ಹರಿದುಹೋಗುತ್ತದೆ. ಮೆಲ್ಲಗೆ ಕಲಕಿದರೆ ಉಂಡೆಗಳು ಒಂದಕ್ಕೊಂದು ಅಂಟಿ ದಪ್ಪವಾಗುತ್ತವೆ, ಒಳಗಿನವಕ್ಕೆ ಆಮ್ಲಜನಕ ತಲುಪುವುದಿಲ್ಲ. ಜೊತೆಗೆ ಅವೇ ಹೊರಹಾಕುವ ಲ್ಯಾಕ್ಟಿಕ್ ಆಮ್ಲ ದ್ರವವನ್ನು ಹುಳಿಯಾಗಿಸುತ್ತದೆ. ಜರ್ಮನಿಯ ಹ್ಯಾನೋವರ್ ವೈದ್ಯಕೀಯ ಶಾಲೆಯ ತಂಡ ಗ್ಲೂಕೋಸ್, ಆಮ್ಲೀಯತೆ, ಆಮ್ಲಜನಕ ಎಲ್ಲವನ್ನೂ ಹದದಲ್ಲಿಟ್ಟು, ಏಳು ದಿನದಲ್ಲಿ ಕೋಶಗಳನ್ನು 70 ಪಟ್ಟು ಹೆಚ್ಚಿಸಿದ್ದನ್ನು 2021ರಲ್ಲಿ ಪ್ರಕಟಿಸಿತು. ಪ್ರತಿ ಮಿಲಿಲೀಟರಿಗೆ ಮೂರೂವರೆ ಕೋಟಿ! ಆ ಪಾತ್ರೆಯಲ್ಲಿದ್ದ ದ್ರವ ಬರೀ 150 ಮಿಲಿಲೀಟರ್, ಒಂದು ಕಾಫಿ ಲೋಟದಷ್ಟು.

ಸಂಖ್ಯೆ ಬಂದರೆ ಗೆದ್ದ ಹಾಗೆ ಎನ್ನುವುದು ಎರಡನೆಯ ನಂಬಿಕೆ. ನನ್ನ ಪ್ರಕಾರ ಎಲ್ಲಕ್ಕಿಂತ ಅಪಾಯದ ನಂಬಿಕೆಯೂ ಇದೇ. ಪ್ರತಿ ವಿಭಜನೆಯಲ್ಲೂ ಡಿಎನ್‌ಎ ನಕಲಾಗಬೇಕು, ನಕಲಿನಲ್ಲಿ ತಪ್ಪು ನುಸುಳುತ್ತದೆ. ಆ ತಪ್ಪಿನಿಂದ ಒಂದು ಕೋಶ ಉಳಿದವಕ್ಕಿಂತ ಚುರುಕಾಗಿ ಬೆಳೆಯತೊಡಗಿದರೆ ಕೆಲವೇ ವಾರಗಳಲ್ಲಿ ಇಡೀ ಪಾತ್ರೆ ಅದರ ಸಂತಾನವೇ. 38 ಪ್ರಯೋಗಾಲಯಗಳ ಕೋಶಗಳನ್ನು ಪರೀಕ್ಷಿಸಿ 2011ರಲ್ಲಿ ಹೊರಬಂದ ಅಂತರರಾಷ್ಟ್ರೀಯ ಅಧ್ಯಯನ, ದೀರ್ಘಕಾಲ ಬೆಳೆಸಿದಾಗ 1, 12, 17 ಮತ್ತು 20ನೇ ವರ್ಣತಂತುಗಳಲ್ಲಿ ಪದೇ ಪದೇ ಬದಲಾವಣೆ ಕಂಡಿತು. 20ನೆಯದರ ಒಂದು ತುಣುಕು ಹೆಚ್ಚಾದರೆ ಕೋಶ ಸಾಯಲು ಒಲ್ಲೆ ಎನ್ನುತ್ತದೆ. ಕ್ಯಾನ್ಸರಿನ ಗುಣವೂ ಅದೇ ತಾನೆ! ಹಾಗಾಗಿ ಲ್ಯಾಬಿನಲ್ಲಿ ಅತಿ ಸೊಂಪಾಗಿ ಬೆಳೆದ ಪಾತ್ರೆಯನ್ನೇ ಮೊದಲು ಅನುಮಾನದಿಂದ ನೋಡಬೇಕಾಗುತ್ತದೆ. ಬೇಕಾದ ಕೋಶವಾಗಿ ಮಾರ್ಪಡದೆ ಉಳಿದ ಕೆಲವು ಆಕರಕೋಶಗಳು ದೇಹ ಹೊಕ್ಕರೂ ಟೆರಟೋಮಾ ಎಂಬ ಗಡ್ಡೆ ಕಟ್ಟಬಲ್ಲವು.

ನಮ್ಮದೇ ಕೋಶದಿಂದ ನಮಗೇ ಔಷಧ ಎಂಬ ಮಾತೂ ಆಕರ್ಷಕವೇ. ಜಪಾನಿನ ವಿಜ್ಞಾನಿ ಶಿನ್ಯ ಯಮನಾಕ 2006ರಲ್ಲಿ ಇಲಿಯ, 2007ರಲ್ಲಿ ಮನುಷ್ಯರ ಸಾಮಾನ್ಯ ಚರ್ಮದ ಕೋಶಗಳನ್ನು ನಾಲ್ಕು ಜೀನ್‌ಗಳ ಬಲದಿಂದ ಆಕರಕೋಶಗಳಾಗಿ ತಿರುಗಿಸಿದ್ದರಿಂದ ಈ ಆಸೆ ಹುಟ್ಟಿತು. 2014ರಲ್ಲಿ ಅಲ್ಲಿನ ಕೋಬೆ ನಗರದಲ್ಲಿ ಮಸಾಯೊ ತಕಾಹಾಶಿ ತಂಡ ಒಬ್ಬ ವೃದ್ಧೆಯ ಸ್ವಂತ ಕೋಶಗಳಿಂದ ತಯಾರಿಸಿದ ರೆಟಿನಾ ಪದರವನ್ನು ಅವರ ಕಣ್ಣಿಗೆ ಕಸಿ ಮಾಡಿತು. ಎರಡನೆಯ ರೋಗಿಯ ಕೋಶಗಳಲ್ಲಿ ಆನುವಂಶಿಕ ಬದಲಾವಣೆ ಕಂಡು ಕಸಿ ನಿಲ್ಲಿಸಿದರು. ಒಬ್ಬೊಬ್ಬರಿಗೂ ಬೇರೆಬೇರೆಯಾಗಿ ಬೆಳೆಸಿ, ಬೇರೆಬೇರೆಯಾಗಿ ಪರೀಕ್ಷಿಸುವ ವೆಚ್ಚ ಹೊರಲಾರದ್ದು. ಅದೇ ತಂಡ 2017ರಲ್ಲಿ ದಾನಿಯ ಕೋಶಗಳತ್ತ ಹೊರಳಿತು.

ದೊಡ್ಡ ಪ್ರಮಾಣ ಫಲ ಕೊಟ್ಟಿದ್ದು ಆ ದಾರಿಯಲ್ಲೇ. ತಮ್ಮ ಇಬ್ಬರು ಮಕ್ಕಳಿಗೂ ಟೈಪ್ 1 ಮಧುಮೇಹವಿದ್ದ ಹಾರ್ವರ್ಡ್‌ನ ಡಗ್ಲಸ್ ಮೆಲ್ಟನ್ 2014ರಲ್ಲಿ, ಕಲಕುವ ಫ್ಲಾಸ್ಕಿನಲ್ಲಿ ಇನ್ಸುಲಿನ್ ಸ್ರವಿಸುವ ಕೋಶಗಳನ್ನು ಹತ್ತಾರು ಕೋಟಿಗಳ ಲೆಕ್ಕದಲ್ಲಿ ತಯಾರಿಸಿ ತೋರಿಸಿದರು. ಅದೇ ಹಾದಿಯಲ್ಲಿ ಬಂದ ವರ್ಟೆಕ್ಸ್ ಕಂಪನಿಯ ಪ್ರಯೋಗದಲ್ಲಿ ತಲಾ 80 ಕೋಟಿ ಕೋಶ ಪಡೆದ 12 ಜನರಲ್ಲಿ 10 ಜನ ಒಂದು ವರ್ಷದ ಹೊತ್ತಿಗೆ ಇನ್ಸುಲಿನ್ ಚುಚ್ಚುಮದ್ದು ಬಿಟ್ಟಿದ್ದರೆಂದು 2025ರಲ್ಲಿ ವರದಿಯಾಯಿತು. ಕೋಶ ದಾನಿಯದಾದ್ದರಿಂದ ರೋಗನಿರೋಧಕ ಶಕ್ತಿ ತಗ್ಗಿಸುವ ಔಷಧ ಮಾತ್ರ ಅವರ ಬೆನ್ನು ಬಿಟ್ಟಿಲ್ಲ.

ಎಲ್ಲ ಆಕರಕೋಶಗಳೂ ಹೀಗೆ ಬೆಳೆಯುತ್ತವೆ ಎಂದುಕೊಂಡರೆ ಅದೂ ತಪ್ಪೇ. ರಕ್ತ ಹುಟ್ಟಿಸುವ ಆಕರಕೋಶ ಮೂಳೆಮಜ್ಜೆಯಿಂದ ಹೊರಬಂದರೆ ಬೇಗನೆ ತನ್ನ ಗುಣ ಕಳೆದುಕೊಳ್ಳುತ್ತದೆ. ಹೊಕ್ಕುಳಬಳ್ಳಿಯ ರಕ್ತದಲ್ಲಿರುವ ಇಂಥ ಕೋಶಗಳನ್ನು ಲ್ಯಾಬಿನಲ್ಲಿ ವೃದ್ಧಿಸಿದ ಚಿಕಿತ್ಸೆಯೊಂದಕ್ಕೆ ಅಮೆರಿಕದ ಅನುಮತಿ ಸಿಕ್ಕಿದ್ದೇ 2023ರಲ್ಲಿ.

ನಮ್ಮಲ್ಲಿಯೂ ಅನುಮತಿ ಪಡೆದ ಉತ್ಪನ್ನ ಇಲ್ಲದಿಲ್ಲ. ಬೆಂಗಳೂರಿನ ಸ್ಟೆಂಪ್ಯುಟಿಕ್ಸ್ ಸಂಸ್ಥೆ ದಾನಿಗಳ ಮೂಳೆಮಜ್ಜೆಯ ಇನ್ನೊಂದು ಬಗೆಯ ಕೋಶ ಬೆಳೆಸಿ ತಯಾರಿಸುವ ಸ್ಟೆಂಪ್ಯುಸೆಲ್‌ಗೆ, ಬರ್ಗರ್ ಕಾಯಿಲೆಯಿಂದ ಕಾಲಿನ ರಕ್ತಸಂಚಾರ ಕಟ್ಟಿದವರಿಗಾಗಿ 2016ರಲ್ಲಿ ಸೀಮಿತ ಅನುಮತಿ ಸಿಕ್ಕಿತು. ಆದರೆ ಅದನ್ನು ತೋರಿಸಿ ಆಟಿಸಂ, ಪಾರ್ಶ್ವವಾಯು, ಬೆನ್ನುಹುರಿ ಪೆಟ್ಟು ಎಲ್ಲಕ್ಕೂ ಸ್ಟೆಮ್ ಸೆಲ್ ಇಂಜೆಕ್ಷನ್ ಉಂಟು ಎನ್ನುವವರ ಮಾತಿಗೆ ಆಧಾರವಿಲ್ಲ. ರಕ್ತದ ಕಾಯಿಲೆಗಳ ಕಸಿಯಂಥ ಒಪ್ಪಿತ ಬಳಕೆ ಬಿಟ್ಟರೆ ಉಳಿದದ್ದೆಲ್ಲ ಪ್ರಯೋಗ ಎಂದು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ 2017ರ ಮಾರ್ಗಸೂಚಿ ಹೇಳುತ್ತದೆ. ಪ್ರಯೋಗವಾದರೆ ಅದು ರಾಷ್ಟ್ರೀಯ ಕ್ಲಿನಿಕಲ್ ಟ್ರಯಲ್ ದಾಖಲೆಯಲ್ಲಿ ಇರಲೇಬೇಕು, ರೋಗಿಯಿಂದ ಹಣ ಪಡೆಯುವಂತಿಲ್ಲ. ನೋಂದಣಿ ಸಂಖ್ಯೆ ಕೇಳಿ. ಸಂಖ್ಯೆಯ ಬದಲು ಪ್ಯಾಕೇಜ್ ದರ ಹೇಳಿದರೆ ಎದ್ದು ಬನ್ನಿ.